ಒಂದು ಪುಟ್ಟ ಬಾಟಲಿಯ ಪರವಾಗಿ ನನ್ನ ವಾದ

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಈಗ ಚಲಾವಣೆಯಲ್ಲಿರುವ ಕಥೆಯ ಪ್ರಕಾರ, ನಾನು ಠಾಣೆಯ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿಯ ಕೊಳವೆಯನ್ನು ಕಂಡೊಡನೆ ಹೆದರಿ ಓಡಿಬಂದೆ. ಇದು ಅಪ್ಪಟ ಸುಳ್ಳು. ಮೊದಲನೆಯದಾಗಿ, ನಾನು ಕೊಳವೆಯನ್ನು ಕಾಣಲೇ ಇಲ್ಲ. ಎರಡನೆಯದಾಗಿ, ಆ ದಿನ ಓಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಓಡುವುದು ಹಾಗಿರಲಿ, ಕೆಮ್ಮುವ ಧೈರ್ಯವೂ ನನಗಿರಲಿಲ್ಲ!

ಈ ಕಥೆಯ ಕರ್ತೃ ಎದುರುಮನೆಯ ಶಿವಣ್ಣ ಕಾಕಾ. ಇಂಡಿ ತಾಲ್ಲೂಕಿನ ಕಡೆಯವರು, ಡೊಂಬಿವಲಿಯಲ್ಲಿ ಶಾಲೆಯ ವ್ಯಾನು ಓಡಿಸುತ್ತಾರೆ. ಅವರ ವ್ಯಾನಿನಲ್ಲೇ ನಾವು ಆಸ್ಪತ್ರೆಗೆ ಹೋದದ್ದರಿಂದ ಅವರು ಪ್ರತ್ಯಕ್ಷದರ್ಶಿ ಎಂದು ಎಲ್ಲರೂ ನಂಬಿದ್ದಾರೆ. ಪ್ರತ್ಯಕ್ಷದರ್ಶಿ ಕೆಳಗೆ ಪಾರ್ಕಿಂಗಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದರು ಎಂಬುದನ್ನು ಯಾರೂ ಕೇಳುವುದಿಲ್ಲ. ನಾನು ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು. ಸಾಕ್ಷ್ಯವಿಲ್ಲದ ಹೇಳಿಕೆಯನ್ನು ಸುಮ್ಮನೆ ಬಿಡುವವಳಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಮಂಡಿಸುತ್ತಿದ್ದೇನೆ. ನಡೆದದ್ದು ಕಾಕಾ ಹೇಳಿದ್ದಕ್ಕಿಂತ ಹೆಚ್ಚು ಮರ್ಯಾದೆಯದ್ದು ಎಂದು ಮಾತ್ರ ಭರವಸೆ ಕೊಡಲಾರೆ.

ಅಪ್ಪ ಅಮ್ಮ ಇರುವುದು ಪನ್ವೇಲಿನಲ್ಲಿ, ನನ್ನ ಕಚೇರಿ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಹಾಗಾಗಿ ವಾರವಿಡೀ ನಾನು ಡೊಂಬಿವಲಿಯಲ್ಲಿ ಸುಮತಿ ಅತ್ತೆಯ ಮನೆಯಲ್ಲಿರುತ್ತೇನೆ. ಅತ್ತೆ ಅಪ್ಪನ ತಂಗಿ. ಮದುವೆಯಾಗಿ ಉಡುಪಿ ಕಡೆಯಿಂದ ಬಂದವರು, ಮಾವ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಮನೆಯಿಂದಲೇ ಪತ್ರೊಡೆ, ಕೊಟ್ಟೆ ಕಡುಬು, ನೀರುದೋಸೆಯ ಹಿಟ್ಟು ಮಾಡಿಕೊಡುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಪಾಯಖಾನೆ. ಈ ಕೊನೆಯ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕೆಲವು ತಿಂಗಳಿಂದ ಅತ್ತೆಗೆ ವಿಪರೀತ ಸುಸ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತೀರ ಕಡಿಮೆ ಬಂತು. ಠಾಣೆಯ ಹೊಟ್ಟೆಯ ಡಾಕ್ಟರರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವರು ಫೈಲು ನೋಡಿ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಬೇಕು ಎಂದರು. ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತಾ ಎಂದೂ ಕೇಳಿದರು.

"ನಮ್ಮ ಅಪ್ಪನಿಗೆ ಇತ್ತು" ಎಂದರು ಅತ್ತೆ. "ಮೂಲವ್ಯಾಧಿ ಅಂತ ಒಂದು ವರ್ಷ ಮದ್ದು ಮಾಡಿದ್ರು. ಕಡೆಗೆ ಅದು ಕ್ಯಾನ್ಸರ್. ಗೊತ್ತಾಗುವಾಗ ತಡ ಆಗಿತ್ತು."

ಡಾಕ್ಟರರು ಬರೆದುಕೊಂಡರು. ಆಗ ಅತ್ತೆ, ತರಕಾರಿಯವನ ಹತ್ತಿರ ಕೊತ್ತಂಬರಿ ಕೇಳುವಷ್ಟೇ ಸಹಜವಾಗಿ, "ಡಾಕ್ಟ್ರೇ, ಇವಳಿಗೂ ರಕ್ತ ಹೋಗ್ತದೆ" ಎಂದುಬಿಟ್ಟರು.

ನನಗೆ ಮೈಯೆಲ್ಲ ಬಿಸಿಯಾಯಿತು! ಹೌದು, ನಾಲ್ಕು ತಿಂಗಳಲ್ಲಿ ಮೂರ್ನಾಲ್ಕು ಸಲ ಹೋಗಿತ್ತು. ಆದರೆ ಅದಕ್ಕೆ ನನ್ನ ಬಳಿ ಸಮರ್ಥ ವಿವರಣೆಗಳಿದ್ದವು: ಕಚೇರಿಯ ಕುರ್ಚಿ, ಸ್ಟೇಶನ್ನಿನ ಖಾರದ ಮಿಸಳ್, ನೀರು ಕಡಿಮೆ. ಇದನ್ನು ಅತ್ತೆಗೆ ಒಮ್ಮೆ ಹೇಳಿದ್ದೆ, ಚಿಂತಿಸುವಂಥದ್ದಲ್ಲ ಎಂಬುದಕ್ಕೆ ಉದಾಹರಣೆಯಾಗಿ. ಡಾಕ್ಟರರು ನನ್ನ ವಿವರಣೆಗಳನ್ನೆಲ್ಲ ತಾಳ್ಮೆಯಿಂದ ಕೇಳಿ, "ಅಜ್ಜನದ್ದೂ ಹೀಗೇ ಶುರುವಾಯಿತಲ್ಲ? ಇಬ್ಬರೂ ಮಾಡಿಸಿಕೊಳ್ಳಿ" ಎಂದರು.

ನಾನು "ಯೋಚಿಸ್ತೇನೆ" ಎಂದೆ. ಚರ್ಚಾಪಟುಗಳ ಭಾಷೆಯಲ್ಲಿ ಇದರ ಅರ್ಥ, ಇಲ್ಲ. ನಾನು ರಿಕ್ಷಾ ಹಿಡಿಯಲು ಹೊರಗೆ ಹೋದೆ. ಅತ್ತೆ ಕೌಂಟರಿನಲ್ಲಿ ಏನೋ ಕೇಳಿ ಬರುತ್ತೇನೆಂದು ಹಿಂದೆ ಉಳಿದರು. ಕಾಲು ಗಂಟೆ ಬಿಟ್ಟು ಬಂದರು.

ಎರಡು ದಿನ ಕಳೆದ ಮೇಲೆ, ಕಡುಬಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತಾ ಅತ್ತೆ ಘೋಷಿಸಿದರು.

"ನಾನು ಆ ಪರೀಕ್ಷೆಗೆ ಬರುದಿಲ್ಲ ಮಾರಾಯ್ತಿ."

"ಯಾಕೆ?"

"ಹೆದರಿಕೆ ಆಗ್ತದೆ."

ನನ್ನೊಳಗಿನ ವಾಗ್ಮಿ ಎದ್ದು ನಿಂತಳು! ನಲವತ್ತು ನಿಮಿಷ ಮಾತಾಡಿದೆ. ಪೀಠಿಕೆ, ವಿಷಯ ಮಂಡನೆ, ಎದುರು ವಾದದ ಖಂಡನೆ, ಉಪಸಂಹಾರ. ಹೆದರಿಕೆ ಒಂದು ಭಾವನೆ, ಕಾರಣವಲ್ಲ ಎಂದೆ. ತಡಮಾಡಿ ಅಜ್ಜ ಏನು ಸಾಧಿಸಿದರು ಎಂದು ಕೇಳಿದೆ. ಬೇಗ ಕಂಡರೆ ಬೇಗ ಗುಣ ಎಂದು ಮೇಜು ಗುದ್ದಿದೆ. ಮೇಜಿನ ಮೇಲಿದ್ದ ಕೊಟ್ಟೆಗಳು ಹಾರಿದವು. ಅತ್ತೆ ಅವನ್ನು ಒಂದೊಂದಾಗಿ ಹೆಕ್ಕಿ, "ಇಷ್ಟೆಲ್ಲ ನೀನು ಹೇಳುದು ಸರಿ. ನೀನೂ ಮಾಡಿಸಿಕೊಂಡ್ರೆ ನಾನು ಬರ್ತೇನೆ. ಇಲ್ಲದಿದ್ರೆ ಇಲ್ಲ" ಎಂದರು.

ನನ್ನದೇ ವಾದದ ಕೊಕ್ಕೆಯಲ್ಲಿ ನಾನೇ ನೇತಾಡುತ್ತಿದ್ದೆ. ಆದರೂ ಗೆದ್ದ ಖುಷಿ! ಹಟಮಾರಿ ಅತ್ತೆಯನ್ನು ಮಾತಿನ ಬಲದಿಂದಲೇ ಒಪ್ಪಿಸಿದೆ ಎಂದು ರಾತ್ರಿ ಪನ್ವೇಲಿಗೆ ಫೋನು ಮಾಡಿ ಹೇಳಿದೆ. ಅಪ್ಪ, "ಸುಮತಿಯನ್ನಾ? ನೀನಾ?" ಎಂದರು. ಅವರ ಧ್ವನಿಯಲ್ಲಿದ್ದದ್ದು ಮೆಚ್ಚುಗೆ ಎಂದೇ ಆಗ ನಾನು ತಿಳಿದದ್ದು.

ಇನ್ನು ತಯಾರಿ. ಪರೀಕ್ಷೆ ನಡೆಯಬೇಕಾದರೆ ಕರುಳು ತೊಳೆದ ಪಾತ್ರೆಯ ಹಾಗೆ ಇರಬೇಕು. ಅದಕ್ಕೆ ಎರಡು ಬಗೆ ಉಂಟು ಎಂದು ಡಾಕ್ಟರರು ಹೇಳಿದ್ದರು. ಒಂದು, ಎರಡು ಲೀಟರು ನೀರಿನಲ್ಲಿ ಕದಡುವ ಪುಡಿ. ಅರ್ಧ ಹಿಂದಿನ ಸಂಜೆ, ಅರ್ಧ ಆ ದಿನ ಬೆಳಗ್ಗೆ. ಇನ್ನೊಂದು, ಪುಟ್ಟ ಬಾಟಲಿಯ ಔಷಧ. ಸಂಜೆಗೊಂದು, ಬೆಳಗ್ಗೆಗೊಂದು, ಪ್ರತಿ ಸಲ ಅದರ ಹಿಂದೆ ಬೇಕಾದಷ್ಟು ನೀರು. ಬಿಪಿಯ ಮಾತ್ರೆ ನುಂಗುವ ಅತ್ತೆಗೆ ಪುಡಿಯೇ ಆಗಬೇಕು. ನನ್ನ ಕಿಡ್ನಿಯ ರಿಪೋರ್ಟು ಚೆನ್ನಾಗಿದ್ದದ್ದರಿಂದ ಯಾವುದಾದರೂ ಆದೀತು.

ಮೂರನೆಯ ಬಗೆಯನ್ನು ಸೇರಿಸಿದವರು ಶಿವಣ್ಣ ಕಾಕಾ. "ಎರಡ ಲೀಟರ್ ಯಾಕ್ರೀ ಅಕ್ಕಾರ? ಒಂದ ಬಟ್ಟಲ ಔಡಲೆಣ್ಣಿ ಕುಡೀರಿ. ನಮ್ಮವ್ವ ನಮಗ ಅದನ್ನ ಕುಡಿಸಿ ಬೆಳಿಸ್ಯಾಳ. ಮೈ ಅಂದ್ರ ಕನ್ನಡಿ ಆಗತೈತಿ!"

ನಾನು ಔಡಲೆಣ್ಣೆಯನ್ನು, ಅಂದರೆ ಅತ್ತೆಯ ಹರಳೆಣ್ಣೆಯನ್ನು, ಎರಡು ವಾಕ್ಯಗಳಲ್ಲಿ ಖಂಡಿಸಿದೆ. ಪುಡಿಯನ್ನು ನಾಲ್ಕರಲ್ಲಿ. ಒಂದು ಕೆಲಸ ಒಂದು ಗುಟುಕಿನಲ್ಲಿ ಆಗುವುದಾದರೆ ಅದನ್ನು ಎರಡು ಲೀಟರಿನಲ್ಲಿ ಮಾಡುವುದು ತರ್ಕಕ್ಕೆ ಅವಮಾನ ಎಂದೆ. ಪುಟ್ಟ ಬಾಟಲಿ ಆಧುನಿಕ, ಸಂಕ್ಷಿಪ್ತ, ಘನತೆಯುಳ್ಳದ್ದು. ನೋಡಲಿಕ್ಕೆ ಕೆಮ್ಮಿನ ಸಿರಪ್ಪಿನ ತಮ್ಮನ ಹಾಗಿತ್ತು ಅಷ್ಟೆ.

"ಕೂಸಿಗೆ ಬಾಯಿ ಭಾಳ ಐತಿ" ಎಂದರು ಕಾಕಾ ಅತ್ತೆಯ ಕಡೆ ತಿರುಗಿ. "ಹೊಟ್ಟಿ ಹೆಂಗೈತೋ ನೋಡೂಣು."

ನಾನು ವಾದಿಸುತ್ತಿದ್ದ ಹೊತ್ತಿನಲ್ಲಿ ಅತ್ತೆ ಏನು ಮಾಡುತ್ತಿದ್ದರು? ಆಸ್ಪತ್ರೆಯ ಸೂಚನೆಯ ಹಾಳೆಯನ್ನು ಓದುತ್ತಿದ್ದರು. ಅದು ಮರಾಠಿಯಲ್ಲಿತ್ತು. ಅತ್ತೆ ಮರಾಠಿ ಮಾತಾಡುವುದು ಸಲೀಸು; ಓದುವುದು ಮಾತ್ರ ಬೆರಳಿಟ್ಟು, ಅಕ್ಷರ ಅಕ್ಷರ. ಗೊತ್ತಾಗದ್ದಕ್ಕೆ ಅಡಿಗೆರೆ ಎಳೆದು ಆಸ್ಪತ್ರೆಗೆ ಫೋನು ಹಚ್ಚುತ್ತಿದ್ದರು. "ಎಳನೀರು ನಡೀತದಾ? ಸೋಸಿ ಕುಡೀಬೇಕಾ? ಲಿಂಬೆಹಣ್ಣಿನ ಬೀಜ ತೆಗೆದ್ರೆ ಆಯ್ತಾ?" ಹೀಗೆ ಹನ್ನೊಂದು ಪ್ರಶ್ನೆ. ನಾನು ಎಷ್ಟು ಕೇಳಿದೆ? ಸೊನ್ನೆ. ಉತ್ತರಗಳೆಲ್ಲ ನನ್ನ ಬಳಿ ಮೊದಲೇ ಇದ್ದವಲ್ಲ!

ಪರೀಕ್ಷೆಯ ಹಿಂದಿನ ದಿನ, ಶುಕ್ರವಾರ ಬಂತು. ಅತ್ತೆ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲು ತೂಗುಹಾಕಿದ್ದರು. ಎದುರುಮನೆಯ ಬೀಗದ ಕೈ ಕೇಳಿ ಇಟ್ಟುಕೊಂಡಿದ್ದರು.

"ಇದು ಎಂತಕ್ಕೆ?" ಎಂದೆ.

"ನಾವು ಇಬ್ಬರು. ಪಾಯಖಾನೆ ಒಂದು. ನಿನ್ನ ತರ್ಕದಲ್ಲಿ ಅದಕ್ಕೆ ಎಂತ ಉಂಟು?"

ನಾನು ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ.

ಸಂಜೆ ಆರಕ್ಕೆ ಸರಿಯಾಗಿ ಸ್ಪರ್ಧೆ ಆರಂಭವಾಯಿತು. ಅತ್ತೆ ಪುಡಿಯ ನೀರನ್ನು ಮಧ್ಯಾಹ್ನವೇ ಕದಡಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ್ದರು. ಸ್ಟೀಲಿನ ಲೋಟಕ್ಕೆ ಗೆರೆಯ ತನಕ ಸುರಿದು, ಸ್ಟ್ರಾ ಹಾಕಿ, ನಾಲಿಗೆಯ ಹಿಂಭಾಗಕ್ಕೆ ಎಳೆದುಕೊಂಡು, ಲಿಂಬೆಯ ಹೋಳು ನೆಕ್ಕಿ, ಪೆನ್ಸಿಲಿನಿಂದ ಗುರುತು ಹಾಕಿದರು. ಕಾಲು ಗಂಟೆ ಬಿಟ್ಟು ಇನ್ನೊಂದು ಲೋಟ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಮುನ್ನೂರು ನೀರುದೋಸೆಯನ್ನು ಒಂದೇ ದಪ್ಪಕ್ಕೆ ಹುಯ್ಯುವ ಕೈ ಅದು. ನಾನು ಒಂದು ಗುಟುಕು ರುಚಿ ನೋಡಿದೆ. ಸಮುದ್ರಕ್ಕೆ ಯಾರೋ ಲಿಂಬೆ ಹಿಂಡಿ, ತಪ್ಪಾಯಿತೆಂದು ಸಕ್ಕರೆಯನ್ನೂ ಹಾಕಿದ ಹಾಗಿತ್ತು.

ನಾನು ನನ್ನ ಬಾಟಲಿಯ ಮುಚ್ಚಳ ತಿರುಗಿಸಿ, ಗಂಟಲಿಗೆ ಸುರಿದು, "ಮುಗೀತು! ಹತ್ತು ಸೆಕೆಂಡು!" ಎಂದು ಘೋಷಿಸಿದೆ.

ಆಮೇಲೆ ರುಚಿ ಬಂತು.

ಒಂದು ಚೀಲ ಉಪ್ಪನ್ನು ಒಂದು ಚಮಚ ಪಾಕಕ್ಕೆ ಇಳಿಸಿದ ಆ ಪದಾರ್ಥವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ನೀರು. ಮೇಲೆ ನೀರು ಕುಡಿಯಲು ಹೋದರೆ ನೀರೂ ಉಪ್ಪು! ಎರಡನೆಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಆಗ ನನಗೆ ಹೊಳೆದದ್ದು ಪುನರ್ಪುಳಿ.

ಪುನರ್ಪುಳಿ ಎಂದರೆ ಇಲ್ಲಿಯವರ ಕೋಕಂ. ಹೊಟ್ಟೆಯಲ್ಲಿ ಏನೇ ಆಗಲಿ, ನಮ್ಮ ಕಡೆ ಮೊದಲ ಔಷಧ ಪುನರ್ಪುಳಿಯ ಶರಬತ್ತು. ಅತ್ತೆ ಪ್ರತಿ ಬೇಸಗೆಯಲ್ಲಿ ಬಾಟಲಿಗಟ್ಟಲೆ ಮಾಡಿಡುತ್ತಾರೆ. ನಾನು ಫ್ರಿಜ್ಜಿಗೆ ಕೈಹಾಕಿದೆ.

"ಅದು ಬೇಡ. ಕೆಂಪು ಕುಡೀಬಾರ್ದು" ಎಂದರು ಅತ್ತೆ. ಹಾಳೆಯ ಮೇಲೆ ಬೆರಳಿಟ್ಟು, ಲಾಲ್ ಎಂದರೆ ಕೆಂಪು, ಜಾಂಭಳಾ ಎಂದರೆ ನೇರಳೆ, ಎರಡೂ ಬಣ್ಣದ್ದು ಕುಡಿಯಬಾರದೆಂದು ಬರೆದಿದೆ ಎಂದು ತೋರಿಸಿದರು.

"ಅತ್ತೆ, ನಿಯಮದ ಅಕ್ಷರ ಬೇರೆ, ಉದ್ದೇಶ ಬೇರೆ. ಅವರು ಹೇಳಿದ್ದು ಬಣ್ಣ ಹಾಕಿದ ಪೇಟೆಯ ಶರಬತ್ತು. ಇದು ಹಣ್ಣಿಂದು! ಪಾರದರ್ಶಕ ಪಾನೀಯ ಅಂತ ಬರ್ದಿದ್ದಾರಲ್ಲ? ನೋಡಿ." ಗಾಜಿನ ಲೋಟಕ್ಕೆ ಸುರಿದು, ಅದರ ಹಿಂದೆ ಪೇಪರು ಹಿಡಿದು, ನಗರಪಾಲಿಕೆಯ ನೀರು ಕಡಿತದ ಸುದ್ದಿಯನ್ನು ಗಟ್ಟಿಯಾಗಿ ಓದಿದೆ.

"ಓದ್ಲಿಕ್ಕೆ ಆಗ್ತದೆ ಹೌದು. ಆದ್ರೆ ಕೆಂಪೇ ಅಲ್ವಾ?"

"ಅದು ವ್ಯಾಖ್ಯಾನದ ಪ್ರಶ್ನೆ."

ಅತ್ತೆ ವ್ಯಾಖ್ಯಾನಕ್ಕೆ ಇಳಿಯಲಿಲ್ಲ. ಲೋಟವನ್ನು ಸಿಂಕಿಗೆ ಚೆಲ್ಲಿ, ಬಾಟಲಿಯನ್ನು ಎತ್ತಿಕೊಂಡು ಹೋಗಿ ಎಲ್ಲೋ ಅಡಗಿಸಿಟ್ಟರು. ಅಷ್ಟರಲ್ಲಿ ಪುಡಿಯ ನೀರು ಕೆಲಸ ಶುರುಮಾಡಿತು. ಅವರು ಗಂಭೀರವಾಗಿ ಒಳಗೆ ನಡೆದು ಚಿಲಕ ಹಾಕಿಕೊಂಡರು.

ನನಗೆ ಹತ್ತು ನಿಮಿಷ ಸಿಕ್ಕಿತು. ಅಕ್ಕಿಯ ಡಬ್ಬದ ಹಿಂದೆ ಬಾಟಲಿಯೂ ಸಿಕ್ಕಿತು. ತಪ್ಪೊಪ್ಪಿಗೆಯ ರೂಪದಲ್ಲಿ ಹೇಳುವುದಾದರೆ, ನಾನು ಕುಡಿದೆ. ಆಹಾ, ಉಪ್ಪಿನ ಮೇಲೆ ಆ ಹುಳಿ! ಅತ್ತೆ ಪ್ರತಿ ಸಲ ಒಳಗೆ ಹೋದಾಗ ನಾನು ಒಂದು ಲೋಟ ಇಳಿಸಿದೆ. ಅತ್ತೆ ಬಹಳ ಸಲ ಒಳಗೆ ಹೋದರು.

ಏಳು ಗಂಟೆಯ ಹೊತ್ತಿಗೆ ನನ್ನ ಸರದಿ ಬಂತು. ಬಂತು ಎಂದರೆ ಬಸ್ಸು ಬಂದ ಹಾಗಲ್ಲ. ಫಾಸ್ಟ್ ಲೋಕಲ್ ರೈಲು ನಿಲ್ಲದೆ ಸ್ಟೇಶನ್ ಹಾದ ಹಾಗೆ! ಅತ್ತೆ ಒಳಗಿದ್ದರು. ನಾನು ಎದುರುಮನೆಯ ಬೀಗದ ಕೈ ಹಿಡಿದು ಹಾರಿದೆ. ಒಳಗೆ ಕೂತಿದ್ದ ನನಗೆ, ಅದೇ ಹೊತ್ತಿಗೆ ಕೆಲಸ ಮುಗಿಸಿ ಬಂದ ಮನೆಯೊಡೆಯರ ಧ್ವನಿ ಬಾಗಿಲಿನಾಚೆಯಿಂದ ಕೇಳಿಸಿತು.

"ಯಾರವ್ವಾ ಒಳಗ?"

"ನಾನು, ಕಾಕಾ."

"ಸಣ್ಣ ಬಾಟ್ಲಿ ಏನ? ಹೆಂಗ ನಡಿಸೈತಿ?"

ಉತ್ತರವನ್ನು ನಾನು ಕೊಡಲಿಲ್ಲ. ಬಾಟಲಿಯೇ ಕೊಟ್ಟಿತು. "ಭೇಷ್!" ಎಂದರು ಕಾಕಾ. ಆ ಸಂಜೆಯ ಸುತ್ತುಗಳಲ್ಲಿ ಬಣ್ಣ ಗಮನಿಸುವ ವ್ಯವಧಾನ ಯಾರಿಗಿತ್ತು?

ಬೆಳಗ್ಗೆ ಐದಕ್ಕೆ ಅತ್ತೆ ಎಬ್ಬಿಸಿದರು. ಎರಡನೆಯ ಭಾಗಕ್ಕೆ ಹಾಳೆಯಲ್ಲಿ ಬರೆದ ಸಮಯ ಅದು. ನಾನು ಹೊದಿಕೆಯೊಳಗಿಂದಲೇ ವಾದಿಸಿದೆ: ಒಂದು ಲೀಟರಿಗೆ ಹೊತ್ತು ಬೇಕು, ಹತ್ತು ಸೆಕೆಂಡಿನ ಬಾಟಲಿಗೆ ಐದು ಗಂಟೆ ಯಾಕೆ? ಅತ್ತೆ ಮೂರು ಸಲ ಕರೆದರು. ನಾನು ಎದ್ದದ್ದು ಆರೂವರೆಗೆ. ಆಗ ಅವರ ಹಾಳೆಯಲ್ಲಿ ಗುರುತುಗಳೆಲ್ಲ ಮುಗಿದಿದ್ದವು. ನಾನು ನನ್ನ ಬಾಟಲಿ ಖಾಲಿ ಮಾಡಿದೆ. ಅತ್ತೆ ಸ್ನಾನಕ್ಕೆ ಹೋದಾಗ ಅಕ್ಕಿಯ ಡಬ್ಬದ ಹಿಂದಿನದನ್ನೂ ಖಾಲಿ ಮಾಡಿದೆ.

ಏಳೂವರೆಗೆ ಬೆಳಕು ಚೆನ್ನಾಗಿತ್ತು. ನಾನು ಎದ್ದು ಫ್ಲಶ್ ಮಾಡುವ ಮುಂಚೆ ತಿರುಗಿ ನೋಡಿದೆ.

ಕೆಂಪು!

ಒಂದು ಹನಿ ಅಲ್ಲ, ಎರಡು ಹನಿ ಅಲ್ಲ. ಪೂರ್ತಿ ಕೆಂಪು. ಕುರ್ಚಿ, ಮಿಸಳ್, ನೀರು ಕಡಿಮೆ, ನನ್ನ ಸಮಸ್ತ ವಿವರಣೆಗಳೂ ಆ ಕ್ಷಣ ನನ್ನನ್ನು ಬಿಟ್ಟುಹೋದವು. ಅಜ್ಜನ ಫೋಟೋ ಕಣ್ಣ ಮುಂದೆ ಬಂತು. ಆಗ ಗೊತ್ತಾಯಿತು: ನಾಲ್ಕು ತಿಂಗಳಿಂದ ನಾನು ವಾದಿಸುತ್ತಿದ್ದದ್ದು ಬೇರೆ ಯಾರ ಜೊತೆಗೂ ಅಲ್ಲ, ನನ್ನದೇ ಹೆದರಿಕೆಯ ಜೊತೆ.

"ಅತ್ತೇ!" ಹೊರಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. "ಅತ್ತೆ, ರಕ್ತ. ತುಂಬ ರಕ್ತ. ನಾನು ಹೋಗಿಬಿಡ್ತೇನೆ. ಅಪ್ಪನಿಗೆ ಫೋನ್ ಮಾಡಿ. ನನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡು..."

ಅತ್ತೆಯ ಮುಖ ಬಿಳಿಚಿತು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಹೋಗಿ ನೋಡಿದರು. ಹೊರಗೆ ಬಂದು, ನನ್ನನ್ನು ದಾಟಿ, ನೇರ ಅಕ್ಕಿಯ ಡಬ್ಬದ ಹತ್ತಿರ ಹೋದರು. ಹಿಂದೆ ಕೈಹಾಕಿ ಖಾಲಿ ಬಾಟಲಿ ತೆಗೆದು, ನನ್ನ ಮುಂದೆ ನೆಲದ ಮೇಲೆ ಇಟ್ಟರು.

"ಪಾಸ್‌ವರ್ಡು ಆಮೇಲೆ ಹೇಳು" ಎಂದರು. "ಮೊದಲು ಮುಖ ತೊಳಿ."

ಅಷ್ಟೆ! ಒಂದು ಬೈಗುಳ ಇಲ್ಲ. ಮೂರು ವರ್ಷ ನಾನು ನೋಡಿದ ಯಾವ ತೀರ್ಪುಗಾರರೂ ಇಷ್ಟು ಕಡಿಮೆ ಮಾತಿನಲ್ಲಿ ತೀರ್ಪು ಕೊಟ್ಟಿರಲಿಲ್ಲ. ಆದರೆ ನಾನು ಮುಖ ತೊಳೆಯುವಾಗ ಅವರು ಒಳಗೆ ಹೋಗಿ ಇನ್ನೊಮ್ಮೆ ನೋಡಿ ಬಂದರು.

ಎಂಟೂವರೆಗೆ ಕಾಕಾರ ಶಾಲೆಯ ವ್ಯಾನಿನಲ್ಲಿ ಹೊರಟೆವು. ಫಾಸ್ಟ್ ಲೋಕಲ್ಲಿನಲ್ಲಿ ಹೋದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಠಾಣೆ ಎಂದು ನಾನು ಮೊದಲೇ ವಾದಿಸಿದ್ದೆ. ಲೋಕಲ್ಲಿನಲ್ಲಿ ಪಾಯಖಾನೆ ಇಲ್ಲ ಎಂದು ಅತ್ತೆ ಒಂದೇ ವಾಕ್ಯದಲ್ಲಿ ಆ ವಾದವನ್ನು ಇಳಿಸಿದ್ದರು. ಐದಕ್ಕೆ ಕುಡಿದವರ ಕರುಳು ಈಗ ಶಾಂತ. ಆರೂವರೆಗೆ ಕುಡಿದವರದ್ದು? ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ, ಎರಡು ಕಂಟೇನರ್ ಲಾರಿಗಳ ನಡುವೆ, ಮಕ್ಕಳ ಅಳತೆಯ ಸೀಟಿನಲ್ಲಿ ಮಂಡಿಯನ್ನು ಗದ್ದಕ್ಕೆ ಮುಟ್ಟಿಸಿ ಕೂತಿದ್ದ ನಾನು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದೆ. ಅತ್ತೆಗೆ ಅಷ್ಟೇ ಸಾಕಾಯಿತು.

"ಶಿವಣ್ಣ, ಎಡಗಡೆ ನಮ್ಮವರ ಹೋಟೆಲ್ ಉಂಟು. ನಿಲ್ಸಿ."

ಹೋಟೆಲಿನ ಬಾಗಿಲಲ್ಲಿ ಯಜಮಾನರೇ ನಿಂತಿದ್ದರು! ಅತ್ತೆಯ ಜೊತೆ ತುಳುವಿನಲ್ಲಿ ಎರಡು ಮಾತಾಡಿ, ನನಗೆ ಮರ್ಯಾದೆಯಿಂದ ಒಳಗಿನ ದಾರಿ ತೋರಿಸಿದರು. ಆಮೇಲೆ ತಿಳಿಯಿತು: ಅತ್ತೆ ಹಿಂದಿನ ದಿನವೇ ಡೊಂಬಿವಲಿಯಿಂದ ಠಾಣೆಯ ತನಕ ರಸ್ತೆಯ ಮೇಲಿರುವ ಊರಿನವರ ಹೋಟೆಲುಗಳನ್ನೆಲ್ಲ ಪಟ್ಟಿ ಮಾಡಿ ಫೋನು ಮಾಡಿದ್ದರು. ಒಟ್ಟು ನಾಲ್ಕು. ಜನ ನಮ್ಮವರ ಹೋಟೆಲುಗಳನ್ನು ಇಡ್ಲಿ ಸಾಂಬಾರಿಗಾಗಿ ಹೊಗಳುತ್ತಾರೆ. ಅವುಗಳ ನಿಜವಾದ ಸೇವೆಯನ್ನು ಅಂದು ಅರಿತವಳು ನಾನು. ನಾಲ್ಕರಲ್ಲೂ!

ಮೂರನೆಯದರಿಂದ ನಾನು ಗೋಡೆ ಹಿಡಿದು ಹೊರಬರುವಾಗ ಯಜಮಾನರು, "ಒಂದು ಪ್ಲೇಟ್ ಬನ್ಸ್ ಕಟ್ಟಿಕೊಡ್ಲಾ?" ಎಂದು ವಿಚಾರಿಸಿದರು. ನಾನು ಅವರಿಗೆ ಕೈಮುಗಿದು ವ್ಯಾನಿನ ಕಡೆ ನಡೆದೆ.

ಆಸ್ಪತ್ರೆಯಲ್ಲಿ ನರ್ಸು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: ಕೊನೆಯ ಸಲ ಯಾವ ಬಣ್ಣ ಹೋಯಿತು?

"ತಿಳಿ ನೀರು. ಸ್ವಲ್ಪ ಹಳದಿ" ಎಂದರು ಅತ್ತೆ. ನರ್ಸು ಮೆಚ್ಚಿ ತಲೆಯಾಡಿಸಿದರು.

ನಾನು, "ಅದು ಹೇಗೆಂದರೆ..." ಎಂದು ಶುರುಮಾಡಿದೆ.

ನರ್ಸು ಪೆನ್ನು ಕೆಳಗಿಟ್ಟರು. "ಮ್ಯಾಡಮ್, ಪಿಯಾ ಕ್ಯಾ ಆಪ್ನೆ?" ನಾನು ಕುಡಿದದ್ದಾದರೂ ಏನು ಎಂದು.

ಡಾಕ್ಟರರು ಬಂದರು. ನಾನು ಹಣ್ಣಿನ ಸಹಜ ಬಣ್ಣ, ನಿಯಮದ ಉದ್ದೇಶ, ಪಾರದರ್ಶಕತೆ ಎಲ್ಲವನ್ನೂ ಸಂಕ್ಷಿಪ್ತವಾಗಿ ಮಂಡಿಸಿದೆ. ಆ ಹೊತ್ತಿಗೆ ಬಣ್ಣ ನೇರಳೆಗೆ ತಿರುಗಿತ್ತು ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಂಡೆ. ಅಂದರೆ ಹಾಳೆಯಲ್ಲಿ ನಿಷೇಧಿಸಿದ್ದ ಎರಡೂ ಬಣ್ಣಗಳನ್ನು ಒಂದೇ ಪಾನೀಯದಿಂದ ಸಾಧಿಸಿದ್ದೆ!

"ನೀವು ಬಂದಿರುವುದೇ ರಕ್ತ ಹೋಗುತ್ತದೆ ಅಂತ" ಎಂದರು ಡಾಕ್ಟರರು. "ಒಳಗೆ ಕೆಂಪು ಕಂಡರೆ ನಾನು ಯಾವುದನ್ನು ನಂಬಲಿ? ನಿಮ್ಮ ಕರುಳನ್ನೋ, ಕೋಕಮ್ಮನ್ನೋ? ಬೆಳಗಿನ ಬಾಟಲಿಯೂ ತಡ. ಇವತ್ತು ಬೇಡ. ಇನ್ನೊಂದು ದಿನ ಬನ್ನಿ."

ಹತ್ತು ನಿಮಿಷದಲ್ಲಿ ನಾನು ಕೆಳಗೆ ಬಂದು ಕಾಕಾರಿಗೆ ಸುದ್ದಿ ಹೇಳಿದೆ. ಅವರು ನನ್ನ ಮುಖ ನೋಡಿ, "ಅಂಜಿ ಓಡಿ ಬಂದಿ ಹೌದಿಲ್ಲೋ?" ಎಂದರು. ಕಥೆ ಹುಟ್ಟಿದ್ದು ಆ ಪಾರ್ಕಿಂಗಿನಲ್ಲಿ, ಕಡಲೆಯ ಸಿಪ್ಪೆಗಳ ನಡುವೆ.

ನಾನು ಮತ್ತೆ ಮೇಲೆ ಹೋದೆ. ಪರೀಕ್ಷೆಯ ಅಭ್ಯರ್ಥಿಯಾಗಿ ಬಂದವಳು ಈಗ ಅತ್ತೆಯ ಜೊತೆಗಾತಿ. ಹಸಿರು ಗೌನಿನಲ್ಲಿ ಅತ್ತೆ ಸಣ್ಣಗೆ ಕಾಣುತ್ತಿದ್ದರು. ಒಳಗೆ ಕರೆದಾಗ ನನ್ನ ಕೈ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟರು. ಕೈ ತಣ್ಣಗಿತ್ತು. ಬಾಗಿಲು ಮುಚ್ಚಿತು. ಹೊರಗೆ ಕೂತ ನನಗೆ ವಾದಿಸಲಿಕ್ಕೆ ಯಾರೂ ಇರಲಿಲ್ಲ. ಅಜ್ಜನ ಹಾಗೆ ಆಗದಿರಲಿ ಎಂದು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ ಹೇಳಿಕೊಂಡೆ. ದೇವರಿಲ್ಲ ಎಂಬ ವಿಷಯದ ಪರವಾಗಿ ಎರಡು ಬಹುಮಾನ ಪಡೆದವಳು ನಾನು!

ಡಾಕ್ಟರರು ಹೊರಬಂದದ್ದು ನಗುತ್ತಾ. ಒಂದು ಸಣ್ಣ ಗಂಟು ಇತ್ತು, ಆಗಲೇ ತೆಗೆದಾಗಿದೆ, ಪರೀಕ್ಷೆಗೆ ಕಳಿಸುತ್ತೇವೆ ಎಂದರು. "ಇಷ್ಟು ಸ್ವಚ್ಛವಾಗಿ ತಯಾರಾಗಿ ಬಂದವರು ಅಪರೂಪ. ಅದು ಮಡಿಕೆಯ ಹಿಂದೆ ಅಡಗಿತ್ತು. ತಯಾರಿ ಸ್ವಲ್ಪ ಕಡಿಮೆಯಾಗಿದ್ದರೂ ಕಾಣುತ್ತಿರಲಿಲ್ಲ." ವಾರದ ಮೇಲೆ ರಿಪೋರ್ಟು ಬಂತು: ಕೆಟ್ಟದ್ದಲ್ಲ, ಬಿಟ್ಟಿದ್ದರೆ ಕೆಟ್ಟದ್ದಾಗಬಹುದಿತ್ತು. ಆ ದಿನ ಅತ್ತೆ ಪಾಯಸ ಮಾಡಿದರು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಸ್ಟೀಲಿನ ಲೋಟ, ಗೆರೆ, ಪೆನ್ಸಿಲಿನ ಗುರುತುಗಳನ್ನು ನೆನೆದು, ಪಾಯಸ ತಣ್ಣಗಾಗುವ ತನಕ ಸುಮ್ಮನಿದ್ದೆ. ನನಗೆ ಜ್ವರವೇನೋ ಎಂದು ಅತ್ತೆ ಹಣೆ ಮುಟ್ಟಿ ನೋಡಿದರು.

ನನ್ನ ಎರಡನೆಯ ಪ್ರಯತ್ನದಲ್ಲಿ ವಾದವಿರಲಿಲ್ಲ. ಎರಡು ಲೀಟರು, ಸ್ಟ್ರಾ, ಲಿಂಬೆಯ ಹೋಳು. ಅತ್ತೆ ಎದುರಿಗೆ ಕೂತು ಲೋಟಕ್ಕೊಂದರಂತೆ ಗುರುತು ಹಾಕಿದರು. ಮನೆಯಲ್ಲಿದ್ದ ಪುನರ್ಪುಳಿಯ ಬಾಟಲಿಗಳೆಲ್ಲ ಎದುರುಮನೆಗೆ ವರ್ಗವಾಗಿದ್ದವು. ಕಾಕಾ ಅವುಗಳಲ್ಲಿ ಒಂದನ್ನು ಕುಡಿದು, "ನನಗೇನೂ ಆಗಲಿಲ್ಲ ನೋಡವ್ವಾ" ಎಂದು ಎರಡೆರಡು ಸಲ ಬಂದು ಹೇಳಿದರು. ಬೆಳಗ್ಗೆ ಐದಕ್ಕೆ ಒಂದೇ ಕರೆಗೆ ಎದ್ದೆ. ದಾರಿಯಲ್ಲಿ ಒಂದು ಹೋಟೆಲಿಗೂ ಇಳಿಯಲಿಲ್ಲ. ಮೂರನೆಯ ಹೋಟೆಲಿನ ಯಜಮಾನರು ಬೇಸರದಿಂದ ಕೈಬೀಸಿದರು. ಪರೀಕ್ಷೆಯಾಯಿತು. ಕಂಡದ್ದು ಸಣ್ಣ ಮೂಲವ್ಯಾಧಿ, ಬೇರೇನೂ ಇಲ್ಲ. ನನ್ನ ವಿವರಣೆಗಳು ಸರಿಯಾಗಿಯೇ ಇದ್ದವು! ಆದರೆ ಅವು ಸರಿ ಎಂದು ತಿಳಿಯಲು ಎರಡು ಲೀಟರು ಬೇಕಾಯಿತು.

ವಿಷಯ ಇಲ್ಲಿಗೆ ಮುಗಿಯಬಹುದಿತ್ತು. ಆ ಮಧ್ಯಾಹ್ನ ಮನೆಗೆ ಬಂದು ನನ್ನ ರಿಪೋರ್ಟನ್ನು ಅತ್ತೆಯ ಫೈಲಿನಲ್ಲಿ ಸೇರಿಸುವಾಗ ಹಳೆಯ 'ಅಪಾಯಿಂಟ್‌ಮೆಂಟ್' ಚೀಟಿ ಕೈಗೆ ಸಿಕ್ಕಿತು. ಮೊದಲ ಸಲದ್ದು. ಅದರಲ್ಲಿ ಎರಡು ಹೆಸರುಗಳು, ಒಂದರ ಕೆಳಗೆ ಒಂದು: ಅತ್ತೆಯದ್ದು, ನನ್ನದು. ಮೂಲೆಯಲ್ಲಿ ಚೀಟಿ ಮಾಡಿಸಿದ ದಿನಾಂಕ. ನೋಡಿದೆ. ಇನ್ನೊಮ್ಮೆ ನೋಡಿದೆ. ನಾವು ಡಾಕ್ಟರರನ್ನು ಮೊದಲು ಕಂಡ ದಿನ ಅದು. ನಾನು ರಿಕ್ಷಾ ಹಿಡಿಯುತ್ತಿದ್ದಾಗ ಅತ್ತೆ ಕೌಂಟರಿನಲ್ಲಿ ನಿಂತಿದ್ದ ಕಾಲು ಗಂಟೆ. ಅಂದರೆ "ನಾನು ಬರುದಿಲ್ಲ ಮಾರಾಯ್ತಿ" ಎಂದದ್ದಕ್ಕಿಂತ ಎರಡು ದಿನ ಮುಂಚೆ. ನನ್ನ ನಲವತ್ತು ನಿಮಿಷದ ಭಾಷಣಕ್ಕಿಂತ ಎರಡು ದಿನ ಮುಂಚೆ!

ಅಪ್ಪ ಫೋನಿನಲ್ಲಿ "ಸುಮತಿಯನ್ನಾ? ನೀನಾ?" ಎಂದದ್ದು ಈಗ ಕಿವಿಯಲ್ಲಿ ಬೇರೆ ಥರ ಕೇಳಿಸಿತು.

ಅತ್ತೆ ಅಡುಗೆಮನೆಯಲ್ಲಿ ನನಗಾಗಿ, ಎದುರುಮನೆಯಿಂದ ಮರಳಿ ಬಂದ, ಈಗ ಯಾವ ಹಾಳೆಯೂ ಬೇಡವೆನ್ನದ ಪುನರ್ಪುಳಿಯ ಶರಬತ್ತು ಕದಡುತ್ತಿದ್ದರು. ನಾನು ಚೀಟಿ ಹಿಡಿದು ಹೋಗಿ ಬಾಗಿಲಲ್ಲಿ ನಿಂತೆ. ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು, ಚಮಚ ತಿರುಗಿಸುತ್ತಲೇ ಇದ್ದರು. ಆ ಬೆಳಗ್ಗೆ ಆಸ್ಪತ್ರೆಯ ಬಾಗಿಲಿನ ಮುಂದೆ ತಣ್ಣಗಿದ್ದ ಕೈಯೂ ಅದೇ, ಅಂದು ಹಾರಿಹೋದ ಕೊಟ್ಟೆಗಳನ್ನು ಅವಸರವಿಲ್ಲದೆ ಹೆಕ್ಕಿದ ಕೈಯೂ ಅದೇ.

"ಅತ್ತೆ, ನಿಜ ಹೇಳಿ. ಆ ದಿನ ನಿಮಗೆ ಹೆದರಿಕೆ ಆಗಿದ್ದು ಪರೀಕ್ಷೆಯದ್ದಾ, ಇಲ್ಲಾ ನಾನು ಪರೀಕ್ಷೆ ಮಾಡಿಸಿಕೊಳ್ಳುದಿಲ್ಲ ಅಂತಲಾ?"